ನೆಲಕ್ಕಿಟ್ಟು ಕೊಡುವ ಚಾಕು

ನಮ್ಮ ಮನೆಯಲ್ಲಿ ಹಸಿ ಚಾಕುವನ್ನು ಸಿಂಕಿನಲ್ಲಿ ಬಿಟ್ಟು ಎದ್ದು ಹೋಗುವ ಧೈರ್ಯ ಯಾರಿಗೂ ಇಲ್ಲ. ತೊಳೆದ ಕೂಡಲೇ ಒಣ ಬಟ್ಟೆಯಿಂದ ಒರೆಸಬೇಕು. ಚಮಚಗಳ ಡಬ್ಬಿಗೆ ಒಗೆಯದೆ ಗೋಡೆಯ ಮರದ ಪಟ್ಟಿಗೆ ಸಿಗಿಸಬೇಕು. ನನ್ನ ಗಂಡ ಒಮ್ಮೊಮ್ಮೆ ಆ ಚಾಕುವಿನಿಂದ ಎಣ್ಣೆ ಡಬ್ಬಿಯ ಮುಚ್ಚಳ ಎಬ್ಬಿಸಲು ಹೋಗಿ, ನಡುವೆ ಕೈ ನಿಲ್ಲಿಸಿ ಬಾಗಿಲ ಕಡೆ ನೋಡುತ್ತಾನೆ. ಬಾಗಿಲಲ್ಲಿ ಯಾರೂ ಇರುವುದಿಲ್ಲ. ಅಲ್ಲಿ ನಿಂತು ಬಯ್ಯುತ್ತಿದ್ದವರು ಹೋದ ತಿಂಗಳು ತೀರಿಕೊಂಡರು.

ಅವರು ನಮ್ಮ ಡಿಪೋದಲ್ಲಿ ಡ್ರೈವರ್ ಆಗಿದ್ದವರು. ನಾನು ಕಂಡಕ್ಟರ್. ತೆಲಂಗಾಣದ ನಾರಾಯಣಪೇಟೆಯಿಂದ ಮಕ್ತಲ್ ಮೇಲೆ ಗದ್ವಾಲಿಗೆ ಹೋಗಿ ಬರುವ ಬಸ್ಸಿನಲ್ಲಿ ನಾವಿಬ್ಬರೂ ವರ್ಷಗಟ್ಟಲೆ ಜೋಡಿ. ಅವರು ರಿಟೈರ್ ಆದ ಮೇಲೆ ನನಗೆ ಬೇರೆ ಬೇರೆ ಡ್ರೈವರುಗಳು ಬಂದರು. ಒಳ್ಳೆಯವರೇ. ಆದರೆ ಯಾರೂ ಬುತ್ತಿಯ ಹೊತ್ತಿಗೆ ಉಳ್ಳಾಗಡ್ಡಿಯನ್ನು ಅಷ್ಟು ತೆಳ್ಳಗೆ ಹೆಚ್ಚಲಿಲ್ಲ.

ಡಿಪೋದಲ್ಲಿ ಸಂತಾಪ ಸಭೆ ಮಾಡಿದರು. ಮ್ಯಾನೇಜರು ತೆಲುಗಿನಲ್ಲಿ ಮಾತಾಡಿ, ಇಷ್ಟು ವರ್ಷದ ಸರ್ವೀಸಿನಲ್ಲಿ ಅವರ ಬಸ್ಸಿನ ಕೆಳಗೆ ಒಂದು ಕೋಳಿಮರಿಯೂ ಸಿಕ್ಕಲಿಲ್ಲ ಎಂದರು. ಆಮೇಲೆ ಎದ್ದವರೆಲ್ಲ ಅದೇ ಕೋಳಿಮರಿಯನ್ನು ಹಿಡಿದುಕೊಂಡರು. ನನ್ನನ್ನೂ ಎರಡು ಮಾತಾಡು ಎಂದರು. ಎದ್ದು ನಿಂತೆ, ಕೈ ಮುಗಿದು ಕೂತೆ. ನನಗೆ ಹೇಳಬೇಕಾಗಿದ್ದದ್ದು ಒಂದು ಚಾಕುವಿನ ಸಂಗತಿ. ಸಂತಾಪ ಸಭೆಯಲ್ಲಿ ಚಾಕುವಿನ ಮಾತು ಹೇಗೆ ತೆಗೆಯುವುದು? ಅದಕ್ಕೇ ಬರೆಯುತ್ತಿದ್ದೇನೆ.

ಗದ್ವಾಲ್ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಬೇವಿನ ಮರ, ಅದರ ಕೆಳಗೊಂದು ಸಿಮೆಂಟಿನ ಕಟ್ಟೆ. ನಮ್ಮ ಮಧ್ಯಾಹ್ನದ ಬುತ್ತಿ ಅಲ್ಲೇ. ಜೋಡಿಯಾದ ಹೊಸದರಲ್ಲಿ ಒಂದು ದಿನ ಅವರು ಚೀಲದಿಂದ ಹಳೇ ಬಟ್ಟೆಯ ಸುರುಳಿ ತೆಗೆದು, ಕೂಸಿನ ಬಟ್ಟೆ ಬಿಚ್ಚಿದ ಹಾಗೆ ಪದರ ಪದರವಾಗಿ ಬಿಚ್ಚಿದರು. ಒಳಗಿದ್ದದ್ದು ಗೇಣುದ್ದದ ಕರೀ ಕಬ್ಬಿಣದ ಚಾಕು. ನೋಡಲು ಏನೇನೂ ಚೆಂದವಿಲ್ಲ. ಸೌತೆಕಾಯಿಯ ಮೇಲೆ ಇಟ್ಟರೆ ಸಾಕು, ತಾನೇ ಇಳಿಯುತ್ತಿತ್ತು. ನಾನು ಕೈ ಚಾಚಿದೆ.

"ಕೊಡ್ರಿ ಅಣ್ಣಾ, ಉಳ್ಳಾಗಡ್ಡಿ ನಾ ಹೆಚ್ತೀನಿ."

ಅವರು ನನ್ನ ಕೈ ನೋಡಿದರು. ಚಾಕುವನ್ನು ನಮ್ಮಿಬ್ಬರ ನಡುವೆ ಕಟ್ಟೆಯ ಮೇಲಿಟ್ಟರು.

"ತಗೋ."

"ಕೈಗೇ ಕೊಟ್ರ ಏನಾಗತೈತ್ರಿ?"

"ಜಗಳ ಬರತೈತಿ ತಂಗಿ. ಚಾಕು, ಉಪ್ಪು, ಮೆಣಸಿನಕಾಯಿ ಕೈಯಿಂದ ಕೈಗೆ ಕೊಡಬಾರ್ದು. ಡ್ರೈವರು ಕಂಡಕ್ಟರು ಜಗಳಾ ಹಚ್ಚಿಕೊಂಡ್ರ ಬಸ್ಸು ಧರೂರು ದಾಟತೈತೇನು?"

ಈ ಮಾತು ನನಗೆ ಹೊಸದಲ್ಲ. ನಮ್ಮ ಅಜ್ಜಿಯೂ ಹಾಗೇ ಹೇಳುತ್ತಿದ್ದಳು. ನಾವು ಕೇಳುತ್ತಿದ್ದೆವು, ಮರೆಯುತ್ತಿದ್ದೆವು. ಅವರು ಮರೆತದ್ದನ್ನು ಮಾತ್ರ ನಾನು ಒಂದು ದಿನವೂ ಕಾಣಲಿಲ್ಲ. ಮದುವೆಯಾಗಿ ಹೆಂಡತಿ ಮನೆಗೆ ಬಂದ ದಿನ ಅವರ ತಾಯಿ ಅಡಿಗೆಮನೆಯ ಚಾಕುವನ್ನು ನೆಲದ ಮೇಲಿಟ್ಟು, "ಎತ್ತಿಕೋ. ಈ ಮನ್ಯಾಗ ಚಾಕು ಯಾರ ಕೈಗೂ ಕೊಡಬ್ಯಾಡ, ಯಾರ ಕೈಯಿಂದ್ಲೂ ಇಸ್ಕೋಬ್ಯಾಡ" ಎಂದಿದ್ದರಂತೆ. ಅಲ್ಲಿಂದ ಗಂಡ ಹೆಂಡತಿ ಇಬ್ಬರೂ ಆ ಮಾತನ್ನು ವ್ರತದ ಹಾಗೆ ಪಾಲಿಸಿಕೊಂಡು ಬಂದಿದ್ದರು.

ಹಾಗಂತ ಆ ಮನೆಯಲ್ಲಿ ಜಗಳ ಇರಲಿಲ್ಲವೆಂದು ಯಾರೂ ತಿಳಿಯಬಾರದು. ನಾರಾಯಣಪೇಟೆಯಲ್ಲಿ ಮಗ್ಗದ ಮನೆಗಳಿರುವ ಓಣಿಯಲ್ಲಿ ಅವರ ಮನೆ. ಓಣಿಯ ತುದಿಗೆ ಬಂದಾಗಲೇ ಮಗ್ಗದ ಸದ್ದಿನ ಮೇಲೆ ವೈನಿಯ ದನಿ ಕೇಳುತ್ತಿತ್ತು. ಅವರ ಹೆಂಡತಿಯನ್ನು ನಾನು ವೈನಿ ಎಂದೇ ಕರೆಯುವುದು. ತಂದ ಬದನೆಕಾಯಿ ಬಲಿತಿದ್ದಕ್ಕೆ ಜಗಳ, ಬಲಿಯದಿದ್ದಕ್ಕೆ ಜಗಳ. ಈತ ಉತ್ತರ ಕೊಟ್ಟರೆ ಜಗಳ, ಕೊಡದಿದ್ದರೆ ಇನ್ನೂ ದೊಡ್ಡ ಜಗಳ. ಚಾಕುವನ್ನು ಜೋಪಾನವಾಗಿ ನೆಲಕ್ಕಿಟ್ಟು, ಆಮೇಲೆ ಸಾವಕಾಶವಾಗಿ ಜಗಳಕ್ಕೆ ಕೂತುಕೊಳ್ಳುತ್ತಿದ್ದರು. "ಅವ್ವನ ಮಾತು ನಡೀಲಿಲ್ಲ ಬಿಡ್ರಿ" ಎಂದು ನಾನು ಕಾಡಿದರೆ, "ಕೈಗೆ ಕೊಟ್ಟಿದ್ರ ಇನ್ನೂ ಎಷ್ಟ್ ಆಗತಿತ್ತೋ" ಎನ್ನುತ್ತಿದ್ದರು.

ಡಿಪೋದಲ್ಲಿ ಎಲ್ಲರೂ ಅವರನ್ನು ಚಾಕು ಮಾಮ ಎಂದು ಕರೆಯುತ್ತಿದ್ದರು. ಹೆಸರು ಸುಮ್ಮನೆ ಬಂದದ್ದಲ್ಲ. ಯಾರ ಮನೆಗೆ ಊಟಕ್ಕೆ ಹೋದರೂ ಮೊದಲು ನೋಡುವುದು ಅಡಿಗೆಮನೆಯ ಚಾಕುವನ್ನು. ನಮ್ಮ ಮನೆಗೆ ಮೊದಲ ಸಲ ಬಂದಾಗ ಸೌಟು ಚಮಚಗಳ ಜೊತೆ ತಲೆಕೆಳಗಾಗಿ ನಿಂತಿದ್ದ ನನ್ನ ಚಾಕುವನ್ನು ಎತ್ತಿ, ಅಲಗಿನ ಬಾಯಿ ಮೇಲೆ ಮಾಡಿ ಕಿಟಕಿಯ ಬೆಳಕಿಗೆ ಹಿಡಿದರು.

"ಮಿಂಚತೈತಿ ನೋಡು ಬಾಯಿ. ಮಿಂಚಿತಂದ್ರ ಮೊಂಡ. ಹರಿತಿದ್ದ ಬಾಯಿ ಕಣ್ಣಿಗೆ ಕಾಣಬಾರ್ದು. ಇದು ಚಾಕು ಅಲ್ಲ ತಂಗಿ, ಹುಡುಗರ ಸ್ಕೇಲು."

ಊಟಕ್ಕೆ ಕರೆದ ತಪ್ಪಿಗೆ ಅಂದು ನನಗೆ ಪೂರ್ತಿ ಪಾಠವಾಯಿತು. ಸ್ಟೀಲ್ ತಾಟಿನ ಮೇಲೆ, ಕಲ್ಲಿನ ಕಟ್ಟೆಯ ಮೇಲೆ ಹೆಚ್ಚಬಾರದು, ಮರದ ಹಲಗೆ ಬೇಕು. ನಿಂಬೆಹಣ್ಣು ಕೊಯ್ದರೆ ಆಗಲೇ ಒರೆಸಬೇಕು. ಒಲೆಯ ಉರಿಗೆ ಹಿಡಿಯಬಾರದು. ಕಬ್ಬಿಣದ್ದಾದರೆ ಹುಣಸೆಹಣ್ಣಿನಿಂದ ತಿಕ್ಕಿ ತೊಳೆದು, ಒಣಗಿಸಿ, ಬೆರಳ ತುದಿಯಲ್ಲಿ ಶೇಂಗಾ ಎಣ್ಣೆ ಸವರಬೇಕು. ಸಾಣೆ ಹಿಡಿಯುವವನು ಓಣಿಗೆ ಬರುವುದನ್ನು ಕಾಯಬೇಕಿಲ್ಲ, ಉಪ್ಪಿನಕಾಯಿ ಜಾಡಿಯನ್ನು ಬೋರಲು ಹಾಕಿದರೆ ಅದರ ತಳದಲ್ಲಿ ಬಣ್ಣವಿಲ್ಲದ ಒರಟು ಉಂಗುರ ಇರುತ್ತದಲ್ಲ, ಅದೇ ಸಾಣೆ. ನನ್ನ ಜಾಡಿಯನ್ನು ಬೋರಲು ಹಾಕಿ ಚಾಕುವನ್ನು ಒಂದಿಷ್ಟೇ ಓರೆ ಮಾಡಿ ಎಳೆದರು, ಒಮ್ಮೆ ಈ ಕಡೆ, ಒಮ್ಮೆ ಆ ಕಡೆ. ಸಾರು ಆರಿ ತಣ್ಣಗಾಯಿತು. ನನ್ನ ಗಂಡ ಹಸಿದು ಒಳಗೂ ಹೊರಗೂ ತಿರುಗಿದ. ಆದರೆ ಆ ರಾತ್ರಿ ಟೊಮ್ಯಾಟೊ ಹೆಚ್ಚಿದಾಗ ಒಂದು ಹನಿ ರಸ ಸಿಡಿಯಲಿಲ್ಲ, ಅದನ್ನೂ ಹೇಳಬೇಕು.

ಕೊಳ್ಳುವಾಗ ಅವರ ಜೊತೆ ಹೋಗುವುದೆಂದರೆ ಹೆಣ್ಣು ನೋಡಲು ಹೋದ ಹಾಗೆ. ಬೆರಳ ಮೇಲೆ ಚಾಕುವನ್ನು ಅಡ್ಡ ಇಟ್ಟು, ಹಿಡಿಯ ಕಡೆ ವಾಲುತ್ತದೋ ಮೂತಿಯ ಕಡೆ ವಾಲುತ್ತದೋ ನೋಡುತ್ತಿದ್ದರು. ಅಲಗಿನ ಕಬ್ಬಿಣ ಹಿಡಿಯೊಳಗೆ ಕೊನೆತನಕ ಹೋಗಿದೆಯೇ, ಇಲ್ಲ ಅರ್ಧಕ್ಕೇ ನಿಂತಿದೆಯೇ ಎಂದು ಅಂಗಡಿಯವನನ್ನು ಕೇಳುತ್ತಿದ್ದರು. ಫಳಫಳ ಹೊಳೆಯುವುದನ್ನು ಮುಟ್ಟುತ್ತಲೇ ಇರಲಿಲ್ಲ. "ಹಿಡಕೊಂಡಾಗ ಕೈಯಾಗ ಐತಿ ಅನ್ನೋದು ಮರೀಬೇಕು, ಅದು ನಿನ್ನ ಚಾಕು. ಅವರಿವರಿಗೆ ಚಲೋ ಇದ್ದದ್ದು ನಿನಗ ಚಲೋ ಇರತೈತಂತಲ್ಲ" ಎನ್ನುತ್ತಿದ್ದರು.

ಇದರಿಂದ ನನಗೆ ಆದ ತ್ರಾಸು ಕಡಿಮೆಯಲ್ಲ. ಒಂದು ಬೇಸಿಗೆ, ಮಕ್ತಲ್ ಬಸ್ ಸ್ಟ್ಯಾಂಡಿನಲ್ಲಿ ಕಲ್ಲಂಗಡಿ ಮಾರುವ ಹೆಂಗಸು ಮೊಂಡ ಚಾಕುವಿನಿಂದ ಹಣ್ಣನ್ನು ಹಿಂಸಿಸುತ್ತಿದ್ದಳು. ಹೊರಡುವ ಹೊತ್ತು. ಇವರು ಸ್ಟಿಯರಿಂಗ್ ಬಿಟ್ಟು ಇಳಿದು, ಚಹಾದ ಅಂಗಡಿಯಿಂದ ಪಿಂಗಾಣಿ ಕಪ್ಪು ಇಸಿದುಕೊಂಡು ಬೋರಲು ಹಾಕಿ, ಅವಳ ಚಾಕು ಮಸೆಯಲು ಕುಕ್ಕರಗಾಲಲ್ಲಿ ಕೂತೇಬಿಟ್ಟರು. ಬಸ್ಸಿನ ತುಂಬ ಜನ ತೆಲುಗಿನಲ್ಲೂ ಕನ್ನಡದಲ್ಲೂ ನನ್ನನ್ನು ಬಯ್ದರು. ನಾನು ಸೀಟಿ ಊದಿ ಊದಿ ಸುಸ್ತಾದೆ. ಕೊನೆಗೆ ಬಂದು ಕೂತು, "ಪಾಪ, ಕೈ ನೋವಾಗತಿತ್ತು ಆಕಿದು" ಎಂದು ಗಾಡಿ ತೆಗೆದರು. ಸಿಟ್ಟು ಮಾಡಿಕೊಳ್ಳಲೂ ಬಿಡದ ಮನುಷ್ಯ.

ಇಂಥವರ ಮನೆಯಲ್ಲೇ ಚಾಕು ಒಂದು ಸಂಕಟವಾಯಿತು.

ಒಂದು ಬೆಳಗಿನ ಜಾವ ವೈನಿಗೆ ಪಾರ್ಶ್ವವಾಯು ಹೊಡೆಯಿತು. ರಾಯಚೂರಿನ ಆಸ್ಪತ್ರೆಯಿಂದ ಮನೆಗೆ ಬಂದಾಗ ಬಲಗೈ ಸೋತಿತ್ತು. ಕೋಲು ಹಿಡಿದು ನಡೆಯುವಷ್ಟು ಕಾಲು ಉಳಿದಿತ್ತು. ಎಡಗೈಯಲ್ಲೂ ಮೊದಲಿನ ಬಲ ಇರಲಿಲ್ಲ. ಮಾತು ತೊದಲಿದರೂ ಬರುತ್ತಿತ್ತು. ಆದರೆ ವೈನಿ ಮಾತಾಡುವುದನ್ನೇ ಬಿಟ್ಟರು. ಹೂಂ, ಉಹೂಂ, ಬ್ಯಾಡ, ಇಷ್ಟೇ. ಓಣಿಯಲ್ಲಿ ಈಗ ಬರೀ ಮಗ್ಗದ ಸದ್ದು ಕೇಳುತ್ತಿತ್ತು. ನನಗೆ ಆ ಮನೆಯ ಬಾಗಿಲು ದಾಟಲು ಹೆದರಿಕೆಯಾಗುತ್ತಿತ್ತು, ಅಷ್ಟು ಸುಮ್ಮನಿತ್ತು ಮನೆ.

ಧನ್ವಾಡಕ್ಕೆ ಕೊಟ್ಟ ಮಗಳೊಬ್ಬಳು ಬಂದು ನಿಂತು ನೋಡಿಕೊಂಡಳು. ಅವಳಿಗೂ ಅಲ್ಲಿ ಸಂಸಾರ, ಹೊಲ, ಅತ್ತೆ ಮಾವ. "ಅಪ್ಪಾ, ನೀ ಡ್ಯೂಟಿಗೆ ಹೋದ ಮ್ಯಾಗ ಅವ್ವನ ಬಾಯಿಗೆ ಯಾರು ಹಾಕ್ತಾರ? ದಸರಾ ಆದ ಕೂಡ್ಲೇ ಅವ್ವನ್ನ ನಮ್ಮನಿಗೆ ಕರ್ಕೊಂಡು ಹೋಗ್ತೀನಿ. ನೀ ರಜಾ ಇದ್ದಾಗ ಬಂದು ನೋಡಿ ಹೋಗು" ಎಂದಳು. ತಪ್ಪೇನೂ ಇರಲಿಲ್ಲ ಆ ಮಾತಿನಲ್ಲಿ. ವೈನಿ ಮಾತ್ರ ಅಡಿಗೆಮನೆಯ ಹೊಸ್ತಿಲಲ್ಲಿ ಕುರ್ಚಿ ಹಾಕಿಸಿಕೊಂಡು ಒಳಗೆ ನೋಡುತ್ತ ಕೂತಿರುತ್ತಿದ್ದರು. ಒಂದು ದಿನ ಗಂಡನಿಗೆ, "ಹೋಗಲ್ಲ. ನಾ ಮಾಡ್ಕೋತೀನಿ" ಎಂದರಂತೆ. ಅಷ್ಟು ತಿಂಗಳಲ್ಲಿ ಆಡಿದ ದೊಡ್ಡ ಮಾತು ಅದು.

ಮಾಡಿಕೊಳ್ಳುವುದೆಂದರೆ ಹೆಚ್ಚಿಕೊಳ್ಳಬೇಕು. ಈಳಿಗೆಮಣೆಗೆ ಎರಡು ಕೈ ಬೇಕು, ಕಾಲೂ ಬೇಕು. ಮೊದಲಿನ ಚಾಕು ಬಲಗೈಯ ರೂಢಿಯದು. ಎಡಗೈಗೆ ಒಗ್ಗುವ ಒಂದು ಚಾಕು ಸಿಕ್ಕರೆ ಹೆಂಡತಿ ತನ್ನ ಮನೆಯಲ್ಲೇ, ತನ್ನ ಅಡಿಗೆಮನೆಯಲ್ಲೇ ಉಳಿಯುತ್ತಾಳೆ, ಇಲ್ಲದಿದ್ದರೆ ದಸರಾ ಮರುದಿನ ಧನ್ವಾಡದ ಬಸ್ಸು ಹತ್ತುತ್ತಾಳೆ. ಅವರ ತಲೆಯಲ್ಲಿ ಲೆಕ್ಕ ಇಷ್ಟೇ ಆಗಿತ್ತು.

ಆಮೇಲೆ ಶುರುವಾಯಿತು ಹುಡುಕಾಟ. ಬೇವಿನ ಹಲಗೆಗೆ ಕೆಳಗಿನಿಂದ ಎರಡು ಮೊಳೆ ಹೊಡೆದು ಮೇಲೆ ಮೊನೆ ಬರುವಂತೆ ಮಾಡಿದರು. ಉಳ್ಳಾಗಡ್ಡಿಯನ್ನೋ ಬದನೆಕಾಯಿಯನ್ನೋ ಅದಕ್ಕೆ ಚುಚ್ಚಿದರೆ ಹಿಡಿದುಕೊಳ್ಳಲು ಇನ್ನೊಂದು ಕೈ ಬೇಕಿಲ್ಲ. ಹಲಗೆ ಸರಿಹೋಯಿತು. ಚಾಕುವೇ ಸರಿಹೋಗಲಿಲ್ಲ. ಮಕ್ತಲ್ ಸಂತೆಯಿಂದ ಒಂದು ತಂದರು. ವೈನಿಯ ಮುಂದೆ ಕಟ್ಟೆಯ ಮೇಲಿಟ್ಟರು. ವೈನಿ ಅದನ್ನು ನೋಡಿದರು, ಎಡಗೈ ಬೆರಳಿಂದ ಮುಟ್ಟಿದರು, ಕೈಯ ಹಿಂಭಾಗದಿಂದ ದೂಡಿದರು.

"ಬ್ಯಾಡ."

ಭಾರ ಆಯಿತೇನೋ ಎಂದು ಗದ್ವಾಲಿನಿಂದ ಹಗುರವಾದದ್ದು ತಂದರು. ಬ್ಯಾಡ. ಹಿಡಿ ಸಣ್ಣದಾಯಿತೇನೋ ಎಂದು ದಪ್ಪ ಹಿಡಿಯದು. ಬ್ಯಾಡ. ಪಕ್ಕದ ಮನೆಯ ನೇಕಾರರಿಂದ ಉಳಿಕೆ ರೇಷ್ಮೆ ನೂಲು ಕೇಳಿ ತಂದು, ಜಾರದಿರಲೆಂದು ಹಿಡಿಗೆ ಒತ್ತಾಗಿ ಸುತ್ತಿದರು, ಕೆಂಪು ಹಸಿರು ಅಂಚಿನ ನೂಲು. ಅದೂ ಬ್ಯಾಡ. ಉಂಡವಳ್ಳಿಯ ಕಂಬಾರನೊಬ್ಬನಿಗೆ ಹೇಳಿ ಎಡಗೈಯವರಿಗೆಂದೇ ಬಾಯಿ ಮಸೆಸಿ ಒಂದು ಚಾಕು ಮಾಡಿಸಿಕೊಂಡು ಬಂದರು. ಅದನ್ನಂತೂ ವೈನಿ ಮುಟ್ಟಲೂ ಇಲ್ಲ.

ಬೇಡವಾದ ಚಾಕುಗಳೆಲ್ಲ ಅವರ ಡ್ಯೂಟಿ ಚೀಲ ಸೇರಿದವು. ಬದಲಿ ಕೊಡುತ್ತಾರೇನೋ ಎಂದು ಅಂಗಡಿಯಿಂದ ಅಂಗಡಿಗೆ ಹೊತ್ತು ತಿರುಗುತ್ತಿದ್ದರು. ಅದು ಚುನಾವಣೆಯ ಕಾಲ. ಜೂರಾಲ ಡ್ಯಾಮಿನ ಹತ್ತಿರ ಬಸ್ಸು ನಿಲ್ಲಿಸಿ ಚೀಲ ತಪಾಸು ಮಾಡಿದ ಪೊಲೀಸನೊಬ್ಬ ಡ್ರೈವರ್ ಸೀಟಿನ ಹಿಂದಿನ ಚೀಲ ಬಿಚ್ಚಿ ದಂಗಾದ.

"ಏಂದಿ ಮಾಮಾ, ಇನ್ನಿ ಕತ್ತುಲು?" ಇಷ್ಟೊಂದು ಚಾಕು ಯಾಕೆ ಎಂದ.

ಇವರು ನಿಜವನ್ನೇ ಹೇಳಿದರು. ತೆಲುಗಿನಲ್ಲೇ, ಮೆಲ್ಲಗೆ, "ನಮ್ಮ ಮನೆಯಾಕೆಗೆ ಸಾರ್" ಎಂದರು. ಇಡೀ ಬಸ್ಸು ಗೊಳ್ಳೆಂದಿತು. ಪೊಲೀಸನ ಮುಖ ಬಿಗಿಯಿತು. ನಾನು ಇಳಿದು ಹೋಗಿ ಇದ್ದ ಸಂಗತಿ ಇದ್ದ ಹಾಗೆ ಹೇಳಿದೆ. ಆತ ಬಟ್ಟೆಯನ್ನು ಮೊದಲಿದ್ದ ಹಾಗೇ ಸುತ್ತಿ ಕೊಟ್ಟು, ಹೋಗಿ ಎಂದು ಕೈ ಮಾಡಿದ. ಡ್ಯಾಮಿನ ಮೇಲೆ ಹೋಗುವಾಗ ಅವರು ನೀರಿನ ಕಡೆ ನೋಡಲಿಲ್ಲ. ಯಾವತ್ತೂ ನೋಡುತ್ತಿದ್ದವರು.

ಅಂದು ಬೇವಿನ ಮರದ ಕೆಳಗೆ ರೊಟ್ಟಿ ಮುರಿದವರು ಬಾಯಿಗೆ ಇಡಲಿಲ್ಲ. "ಏನ್ ಬೇಕು ಆಕಿಗಿ ಅಂತ ತಿಳೀವಲ್ದು ತಂಗಿ. ಊರ ಮಂದಿಗೆಲ್ಲ ಚಾಕು ಆರಿಸಿಕೊಟ್ಟೆ. ಆಕಿಗಿ ಒಂದ್ ಆರಸಾಕ ಆಗವಲ್ದು." ಅವರ ಕಣ್ಣು ತುಂಬಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಉಳ್ಳಾಗಡ್ಡಿಯನ್ನು ಆ ದಿನ ಗುದ್ದಿ ತಿಂದೆವು.

ದಸರಾ ಬಂತು. ಆಯುಧಪೂಜೆಗೆ ಡಿಪೋದಲ್ಲಿ ಬಸ್ಸುಗಳಿಗೆಲ್ಲ ಬಾಳೆಕಂಬ, ಚೆಂಡುಹೂವಿನ ಹಾರ. ಅವರು ನಮ್ಮ ಬಸ್ಸಿಗೆ ಕುಂಕುಮ ಹಚ್ಚಿ, ಮನೆಗೆ ಹೋಗಿ ಆ ಅಷ್ಟೂ ಚಾಕುಗಳನ್ನು ದೇವರ ಮುಂದೆ ಜೋಡಿಸಿ ವಿಭೂತಿ ಹಚ್ಚಿದರಂತೆ. ಮರುದಿನ ಸಂಜೆ ನಾನೂ ನನ್ನ ಗಂಡನೂ ಬನ್ನಿ ಕೊಡಲು ಅವರ ಮನೆಗೆ ಹೋದೆವು. ನಡುಮನೆಯಲ್ಲಿ ಮಗಳ ಬ್ಯಾಗು ಕಟ್ಟಿಟ್ಟಿತ್ತು. ಪಕ್ಕದಲ್ಲಿ ವೈನಿಯ ಸೀರೆಗಳ ಗಂಟು. ಬೆಳಗಾದರೆ ಧನ್ವಾಡಕ್ಕೆ.

ವೈನಿ ಅಡಿಗೆಮನೆಯಲ್ಲಿ ಕಟ್ಟೆಯ ಮುಂದೆ ಎತ್ತರದ ಸ್ಟೂಲಿನ ಮೇಲೆ ಕೂತಿದ್ದರು. ನಾನು ಬನ್ನಿ ಎಲೆಗಳನ್ನು ಮುಂದೆ ಹಿಡಿದೆ. "ಬಂಗಾರ ತಗೊಂಡು ಬಂಗಾರದಂಗ ಇರೂಣ್ರಿ ವೈನಿ." ವೈನಿ ಎಡಗೈಯಿಂದ ಅದನ್ನು ಚೆನ್ನಾಗಿಯೇ ಇಸಿದುಕೊಂಡು, ಮಡಿಲಲ್ಲಿಟ್ಟುಕೊಂಡರು. ಬಗ್ಗಿ ಕಾಲಿಗೆ ನಮಸ್ಕಾರ ಮಾಡಿ ನಾನು ಬಾಗಿಲ ಪಕ್ಕಕ್ಕೆ ಸರಿದು ನಿಂತೆ. ಅಣ್ಣ ಕೊಡ ತರಲು ಹಿತ್ತಲಿಗೆ ಹೋಗಿದ್ದರು.

ಕಟ್ಟೆಯ ಮೇಲೆ ಮೊಳೆಯ ಹಲಗೆ ಇತ್ತು. ಬುಟ್ಟಿಯಲ್ಲಿ ಬದನೆಕಾಯಿ, ಪಕ್ಕದಲ್ಲಿ ವಿಭೂತಿ ಹಚ್ಚಿದ ಆ ರೇಷ್ಮೆ ನೂಲಿನ ಚಾಕು. ಕಟ್ಟೆ ನುಣ್ಣನೆಯ ಕಡಪಾ ಕಲ್ಲಿನದು. ಯಾರೂ ನೋಡುತ್ತಿಲ್ಲವೆಂದುಕೊಂಡು ವೈನಿ ಎಡಗೈ ಚಾಚಿದರು. ಬೆರಳನ್ನು ಹಿಡಿಯ ಕೆಳಗೆ ತೂರಿಸಲು ನೋಡಿದರು. ಆಗಲಿಲ್ಲ. ಚಾಕು ಅಲುಗಿತು, ಜಾರಿತು, ಕಲ್ಲಿಗೆ ಅಂಟಿದ ಹಾಗೆ ಮತ್ತೆ ಅಡ್ಡ ಬಿತ್ತು. ಉಗುರಿನಿಂದ ಕೆರೆದರು. ಕಟ್ಟೆಯ ಅಂಚಿಗೆ ಎಳೆದುಕೊಳ್ಳಲು ನೋಡಿದರು, ಅದು ಗಿರಕಿ ಹೊಡೆದು ಗೋಡೆಯ ಕಡೆ ಹೋಯಿತು. ವೈನಿ ಕೈ ಹಿಂದಕ್ಕೆ ತೆಗೆದುಕೊಂಡು ಮಡಿಲಲ್ಲಿ ಬನ್ನಿಯ ಮೇಲಿಟ್ಟುಕೊಂಡರು.

ಹಿತ್ತಲ ಬಾಗಿಲಲ್ಲಿ ಅವರು ಕೊಡ ಹಿಡಿದು ನಿಂತಿದ್ದರು. ನಾನು ನೋಡಿದ್ದನ್ನೆಲ್ಲ ಅವರೂ ನೋಡಿದ್ದರು.

ತಿಂಗಳುಗಟ್ಟಲೆ ಅವರು ಚಾಕುವಿನ ಬಾಯಿ ನೋಡಿದರು, ಬೆನ್ನು ನೋಡಿದರು, ತೂಕ ನೋಡಿದರು. ಹೆಚ್ಚಲು ಬರುವುದಿಲ್ಲವೆಂದು ವೈನಿ ಯಾವತ್ತೂ ಅಂದಿರಲಿಲ್ಲ. ಕೆಳಗಿಟ್ಟ ಚಾಕುವನ್ನು ಎತ್ತಿಕೊಳ್ಳಲು ಬರುತ್ತಿರಲಿಲ್ಲ, ಅಷ್ಟೇ. ಕೈಗೆ ಕೊಟ್ಟಿದ್ದರೆ ಮೊದಲನೆಯದೇ ಆಗುತ್ತಿತ್ತೇನೋ. ಆದರೆ ಆ ಮನೆಯಲ್ಲಿ ಚಾಕುವನ್ನು ಕೈಗೆ ಕೊಡುವ ಪದ್ಧತಿಯೇ ಇರಲಿಲ್ಲ. ಕೊಡಿ ಎಂದು ಕೇಳುವ ಪದ್ಧತಿಯೂ ಇರಲಿಲ್ಲ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಅಂತಾರಲ್ಲ, ಹಾಗಾಗಿತ್ತು.

ಅವರು ಕೊಡ ಇಳಿಸಿದರು. ಬಂದು ಚಾಕು ಎತ್ತಿಕೊಂಡರು, ರೂಢಿಯಂತೆ ಒಮ್ಮೆ ಒರೆಸಿದರು. ಅಲಗನ್ನು ಬಟ್ಟೆಯಲ್ಲಿ ಹಿಡಿದು, ಹಿಡಿಯನ್ನು ಹೆಂಡತಿಯ ಕಡೆ ಮಾಡಿದರು. ಕೈ ಅರ್ಧಕ್ಕೆ ನಿಂತಿತು. ಜೀವಮಾನದ ರೂಢಿ, ಅದಕ್ಕೆ ಮುಂದೆ ಹೋಗಲು ತಿಳಿಯಲಿಲ್ಲ.

"ಹಿಡಿ" ಎಂದರು.

ವೈನಿ ಅವರ ಮುಖ ನೋಡಿದರು. "ನಿಮ್ಮವ್ವ..." ಎಂದರು.

"ಅವ್ವಗ ನಾ ಹೇಳ್ಕೋತೀನಿ. ಜಗಳ ಬಂದ್ರ ಬರಲಿ. ಹಿಡಿ ನೀ."

ವೈನಿ ಹಿಡಿದುಕೊಂಡರು.

ಬದನೆಕಾಯಿಯನ್ನು ಮೊಳೆಗೆ ಚುಚ್ಚಿದ್ದು ಅವರೇ. ಎಣ್ಣೆಗಾಯಿಗೆ ತೊಟ್ಟು ಬಿಡದ ಹಾಗೆ ನಾಲ್ಕು ಸೀಳು ಹಾಕಬೇಕು. ಮೊದಲನೆಯ ಕಾಯಿ ಸೊಟ್ಟ ಸೀಳಿತು. ಎರಡನೆಯದು ಎರಡು ಹೋಳಾಯಿತು. ಮೂರನೆಯದು ನಡುಗುತ್ತ ನಡುಗುತ್ತ ನಿಂತಿತು, ತೊಟ್ಟು ಹಿಡಿದುಕೊಂಡು, ಹೂವಿನ ಹಾಗೆ ಬಾಯಿ ಬಿಟ್ಟುಕೊಂಡು. ಮಗಳು ಬಂದು ಬಾಗಿಲಲ್ಲಿ ನಿಂತಳು. ವೈನಿ ಆ ಕಾಯಿಯೊಳಗೆ ಬಗ್ಗಿ ನೋಡಿದರು. ಮುಖ ಕೆಂಪಾಯಿತು.

"ಬರೀ ಬೀಜ" ಎಂದರು. ನಾಲಿಗೆ ತೊಡರಿತು, ಆದರೂ ಬಿಡಲಿಲ್ಲ. "ಎಂಥಾ ಬದ್ನಿಕಾಯಿ ತಂದೀರಿ ಇವ? ಕಣ್ಣು... ಕಣ್ಣಿಲ್ಲೇನು? ಹಬ್ಬದ ದಿನ ಇಂಥಾ... ಬಲತ ಕಾಯಿ ಯಾರು ತರ್ತಾರ?"

ಒಮ್ಮೆ ಶುರುವಾದದ್ದು ನಿಲ್ಲಲಿಲ್ಲ. ಬದನೆಕಾಯಿಯಿಂದ ಎಣ್ಣೆಗೆ ಹೋಯಿತು, ಎಣ್ಣೆಯಿಂದ ಕಟ್ಟೆಯ ಜಿಡ್ಡಿಗೆ, ಅಲ್ಲಿಂದ ಇಷ್ಟು ತಿಂಗಳು ಇವರು ಮಾಡಿ ಹಾಕಿದ ಉಪ್ಪಿಲ್ಲದ ಸಾರಿಗೆ. ಅವರು ಬೈಗುಳ ತಿನ್ನುತ್ತ ನನ್ನ ಕಡೆ ತಿರುಗಿದರು. ಕಣ್ಣಲ್ಲಿ ನೀರು, ಬಾಯಲ್ಲಿ ನಗು.

"ಬಂತ್ ನೋಡು ತಂಗಿ ಜಗಳ. ನಮ್ಮವ್ವ ಸುಳ್ಳು ಹೇಳಿದಾಕಿ ಅಲ್ಲ."

ನಾನು ಗೋಡೆಗೆ ಮುಖ ಮಾಡಿ ಅತ್ತೆ. ಮರುದಿನ ಮಗಳು ಒಬ್ಬಳೇ ಧನ್ವಾಡದ ಬಸ್ಸು ಹತ್ತಿದಳು. ಟಿಕೆಟ್ ಕೊಟ್ಟದ್ದು ಬೇರೆ ಕಂಡಕ್ಟರ್, ಆದರೆ ಹತ್ತಿಸಲು ನಾನೂ ಹೋಗಿದ್ದೆ.

ಆಮೇಲೆ ಯಾವತ್ತೋ ನಾನು ವೈನಿಯನ್ನು ಕೇಳಿದೆ, ಎತ್ತಾಕ ಬರವಲ್ದು ಅಂತ ಒಂದು ಮಾತು ಹೇಳಬಾರದಿತ್ತೇ ಎಂದು. ವೈನಿ ಹೇಳಿದರು. "ಬ್ಯಾಡ ಅಂದ್ರ ಚಾಕುಂದು ತಪ್ಪಾಗತಿತ್ತು. ಎತ್ತಾಕ ಬರಲ್ಲ ಅಂದ್ರ ನಂದಾಗತಿತ್ತು."

ಡ್ಯೂಟಿಗೆ ಹೋದಾಗ ಕೈಗೆ ಕೊಡುವವರು ಯಾರು? ಅದಕ್ಕೂ ಅವರೇ ದಾರಿ ಮಾಡಿದರು. ಬೇವಿನ ತುಂಡೊಂದಕ್ಕೆ ಸೀಳು ಹಾಕಿ ಕಟ್ಟೆಯ ಮೂಲೆಗೆ ಕೂಡಿಸಿದರು. ಚಾಕು ಅದರಲ್ಲಿ ಹಿಡಿ ಮೇಲೆ ಮಾಡಿ ನಿಂತಿರುತ್ತಿತ್ತು, ವೈನಿ ಎಳೆದುಕೊಂಡರೆ ಆಯಿತು. ಆದರೆ ಬೆಳಗಿನ ಹೊತ್ತು, ಡ್ಯೂಟಿಗೆ ಹೊರಡುವ ಮುಂಚೆ, ಅವರೇ ಅದನ್ನು ತೆಗೆದು, ಒರೆಸಿ, ಹೆಂಡತಿಯ ಕೈಗೆ ಕೊಟ್ಟು ಬರುತ್ತಿದ್ದರು. ಅಂದಂದಿನ ಜಗಳದ ಸುದ್ದಿ ಮಕ್ತಲ್ ಬರುವುದರೊಳಗೆ ನನಗೆ ತಲುಪುತ್ತಿತ್ತು. "ಇವತ್ತು ಚಟ್ನಿ ಮ್ಯಾಲೆ" ಎನ್ನುತ್ತಿದ್ದರು, ಬೇರೆಯವರು ಮಗನ ಮಾರ್ಕ್ಸು ಹೇಳುವ ದನಿಯಲ್ಲಿ. ನನಗೆ ಮಾತ್ರ ಕೊನೆತನಕ ಚಾಕುವನ್ನು ಕಟ್ಟೆಯ ಮೇಲಿಟ್ಟೇ ಕೊಟ್ಟರು. "ನಿನ್ನ ಕೂಡ ಜಗಳ ಯಾಕ ಬೇಕು ನನಗ?" ಎಂದರು.

ರಿಟೈರ್ ಆಗಿ ಕೆಲವು ವರ್ಷ ಚೆನ್ನಾಗಿಯೇ ಇದ್ದರು. ಹೋದ ತಿಂಗಳು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ.

ದಿನಕರ್ಮಗಳೆಲ್ಲ ಮುಗಿದ ಮೇಲೆ, ಹೋದ ವಾರ, ನಾನು ಮಕ್ತಲ್ ಸಂತೆಯಿಂದ ಬದನೆಕಾಯಿ ತೆಗೆದುಕೊಂಡು ವೈನಿಯ ಹತ್ತಿರ ಹೋದೆ. ಮಗಳು ಇನ್ನೂ ಇದ್ದಳು. ಓಣಿಯಲ್ಲಿ ಮತ್ತೆ ಬರೀ ಮಗ್ಗದ ಸದ್ದು. ವೈನಿ ಅದೇ ಸ್ಟೂಲಿನ ಮೇಲೆ, ಅದೇ ಹಲಗೆಯ ಮುಂದೆ, ಸುಮ್ಮನೆ. ಮೂಲೆಯಲ್ಲಿ ಬೇವಿನ ತುಂಡು, ಅದರಲ್ಲಿ ನಿಂತ ಚಾಕು. ಹಿಡಿಯ ರೇಷ್ಮೆ ನೂಲು ಸವೆದು ಬಣ್ಣ ಹೋಗಿತ್ತು.

"ನಾ ಹೆಚ್ತೀನ್ರಿ ವೈನಿ" ಎಂದೆ.

ವೈನಿ ಚಾಕುವನ್ನು ಎಳೆದುಕೊಂಡರು. ಸ್ವಲ್ಪ ಹೊತ್ತು ಹಿಡಿದುಕೊಂಡೇ ಇದ್ದರು. ಆಮೇಲೆ ಅದನ್ನು ತೊಡೆಯ ಮೇಲೆ ಒತ್ತಿ ಹಿಡಿದು ಮೆಲ್ಲಗೆ ತಿರುಗಿಸಿಕೊಂಡು, ಹಿಡಿಯನ್ನು ನನ್ನ ಕಡೆ ಚಾಚಿದರು. ನಾನು ಕೈ ಮುಂದೆ ಮಾಡಲು ಅಳುಕಿದೆ.

ಮಗಳು ಅಂದಳು, "ಅವ್ವಾ, ಕೆಳಗಿಡು. ಜಗಳ ಬರತೈತಿ."

"ಬರಲಿ" ಎಂದರು ವೈನಿ. "ಮನ್ಯಾಗ ಜಗಳಿಲ್ದ ಭಾಳ ದಿನ ಆತು."

ನಾನು ಇಸಿದುಕೊಂಡೆ. ಒಂದು ಬದನೆಕಾಯಿ ಹಿಡಿದು ಸೀಳಿದೆ. ಚಾಕು ನೀರಿನಲ್ಲಿ ಇಳಿದ ಹಾಗೆ ಇಳಿಯಿತು. ಅವರು ಹೋಗುವ ಮುಂಚೆ ಜಾಡಿಯ ತಳಕ್ಕೆ ಎಳೆದಿಟ್ಟ ಹದ ಇನ್ನೂ ಹಾಗೇ ಇತ್ತು. ನನ್ನ ಕೈ ನಿಂತಿತು. ವೈನಿ ನನ್ನನ್ನೇ ನೋಡುತ್ತಿದ್ದರು, ಏನನ್ನೋ ಕಾಯುವವರ ಹಾಗೆ.

"ಏನ್ರಿ ವೈನಿ ಇದು" ಎಂದೆ. "ಮೊಂಡ ಆಗೈತಲ್ರಿ ಚಾಕು."

ವೈನಿಯ ಮುಖ ಕೆಂಪಾಯಿತು.

"ಯಾರಂದ್ರು ಮೊಂಡಂತ?" ಎಂದರು. "ಹೆಚ್ಚಾಕ... ಹೆಚ್ಚಾಕ ಬರಲ್ದಾಕಿ ಚಾಕುಗ ಹೆಸರಿಡ್ತೀ? ಅವರು ಮಸದಿಟ್ಟಿದ್ದೈತಿ ಅದು. ಬಾಯಿ ಮ್ಯಾಗ ಮಾಡಿ ಬೆಳಕಿಗಿ ಹಿಡಿದು ನೋಡು."

ನಾನು ಬೆಳಕಿಗೆ ಹಿಡಿದು ನೋಡಿದೆ. ಬಾಯಿ ಕಾಣಲಿಲ್ಲ. ಆದರೂ ಮೊಂಡವೇ ಎಂದೆ. ಎಣ್ಣೆಗಾಯಿ ಬೇಯುವ ತನಕ ವೈನಿ ನನ್ನನ್ನು ಬಯ್ದರು. ನಾನು ಒಂದಕ್ಕೂ 'ಹೌದು' ಅನ್ನಲಿಲ್ಲ.